ಬೋಣಿಗೆ ಮುಂಚೆ ಹೋದ ಮೆಸೇಜು

ದಾವಣಗೆರೆಯಲ್ಲಿ ನಮ್ಮದು ಪುಡಿ ವ್ಯಾಪಾರ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ, ಸಾಂಬಾರ್ ಪುಡಿ, ಖಾರದ ಪುಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಹುರಿಯೋಕೆ ಇಬ್ಬರು, ಪ್ಯಾಕಿಂಗ್‌ಗೆ 4 ಜನ ಅಕ್ಕಂದಿರು, ಒಂದು ಗಾಡಿ, ಗಾಡಿಗೆ ಒಬ್ಬ ಹುಡುಗ, ಲೆಕ್ಕಕ್ಕೆ ಚಿಕ್ಕಪ್ಪ. ವಾರಕ್ಕೆ 4 ಲೈನ್: ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು. ಎಲ್ಲ ಸೇರಿ 150ರ ಹತ್ತಿರ ಅಂಗಡಿ.

ಆರ್ಡರ್ ಬರೋದು ಹೇಗೆ ಬೇಕಾದರೂ ಬರುತ್ತದೆ. ಒಬ್ಬರು ಫೋನ್ ಮಾಡುತ್ತಾರೆ, ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಫೋಟೋ ಹಾಕುತ್ತಾರೆ, ಇನ್ನೊಬ್ಬರು ವಾಯ್ಸ್ ಮೆಸೇಜಿನಲ್ಲಿ "ಹೋದ ಸಲದ್ದೇ ಹಾಕ್ರಿ, ಖಾರ ಒಂದ್ ಸ್ವಲ್ಪ ಜಾಸ್ತಿ" ಅಂತ ಹೇಳಿ ಮುಗಿಸುತ್ತಾರೆ. ರಾತ್ರಿ 11ರವರೆಗೆ ನಾನು, ಚಿಕ್ಕಪ್ಪ ಕೂತು ಬಿಲ್ ಬರೆಯುತ್ತಿದ್ದೆವು. ಇದನ್ನ ಕಂಪ್ಯೂಟರಿಗೆ ಹಾಕಿದರೆ ರಾತ್ರಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ ಅಂತ ನನ್ನ ಆಸೆ, ಅಷ್ಟೇ.

ಮೊದಲ ಸಲ ಕೈಹಾಕಿದ್ದು 2023ರಲ್ಲಿ. ಸಾಫ್ಟ್‌ವೇರ್ ಮಾರುವವರು ಬಂದು ಲ್ಯಾಪ್‌ಟಾಪ್ ತೆರೆದು ತೋರಿಸಿದರು. ಆರ್ಡರ್ ತಾನೇ ಬರುತ್ತದೆ, ಬಿಲ್ ತಾನೇ ಆಗುತ್ತದೆ, ಬಾಕಿ ಇದ್ದವರಿಗೆ ಮೆಸೇಜ್ ತಾನೇ ಹೋಗುತ್ತದೆ, ಸ್ಟಾಕ್ ಕಮ್ಮಿ ಆದರೆ ಅದೇ ಹೇಳುತ್ತದೆ. ನೋಡೋಕೆ ಎಷ್ಟು ಚೆಂದ ಇತ್ತು ಅಂದರೆ ಅಲ್ಲೇ ವರ್ಷದ ದುಡ್ಡು ಕಟ್ಟಿಬಿಟ್ಟೆ. ಅವರು ತೋರಿಸಿದ ಅಂಗಡಿಯಲ್ಲಿ ಇದ್ದಿದ್ದು 5 ಐಟಂ, 10 ಗಿರಾಕಿ. ಎಲ್ಲರೂ ಪೂರ್ತಿ ದುಡ್ಡು ಕೊಟ್ಟವರೇ. ಅಂಥ ಅಂಗಡಿ ಭೂಮಿ ಮೇಲೆ ಇದೆಯಾ ಅಂತ ಆಗ ನಾನು ಕೇಳಲಿಲ್ಲ.

ಗಣಪತಿ ಹಬ್ಬಕ್ಕೆ 10 ದಿನ ಇದ್ದಾಗ ಶುರು ಮಾಡಿದೆ. ನಮ್ಮ ವ್ಯಾಪಾರ ಜೋರಾಗೋದೇ ಆಗ. ನಾಲ್ಕೂ ಲೈನು ಒಂದೇ ದಿನ, ಬಿಲ್ಲು, ಸ್ಟಾಕು, ಬಾಕಿ ಎಲ್ಲ ಒಟ್ಟಿಗೆ. ದಸರಾ ಹೊತ್ತಿಗೆ ನಾವು ವಾಪಸ್ ಕೆಂಪು ಬಟ್ಟೆ ಬೈಂಡಿನ ಪುಸ್ತಕಕ್ಕೆ ಬಂದಿದ್ದೆವು. ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು.

ಎಲ್ಲಿ ಎಡವಿದೆವು ಅಂತ ನಿಧಾನಕ್ಕೆ ನೋಡಿದಾಗ ಮೊದಲು ಕಂಡಿದ್ದು ಹೆಸರು. ಐಟಂ ಲಿಸ್ಟ್ ಹಾಕೋಕೆ ಒಬ್ಬ ಹುಡುಗನನ್ನು ಬಿಟ್ಟಿದ್ದೆ. ಹಳೇ ಬಿಲ್ ಪುಸ್ತಕ ನೋಡಿ ಇದ್ದದ್ದನ್ನ ಇದ್ದ ಹಾಗೆ ಹೊಡೆದಿದ್ದ. ಪಾಪ, ಅವನ ತಪ್ಪಲ್ಲ. ಚಿಕ್ಕಪ್ಪ ಗುರೆಳ್ಳು ಅಂತ ಬರೆಯುತ್ತಾರೆ, ನಾನು ಹುಚ್ಚೆಳ್ಳು ಅಂತ ಬರೆಯುತ್ತೇನೆ. ನಮಗೆ ಎರಡೂ ಒಂದೇ. ಕಂಪ್ಯೂಟರಿಗೆ ಅದು ಎರಡು ಸಾಮಾನು. ಒಂದರಲ್ಲಿ ಸ್ಟಾಕ್ ಏರುತ್ತಾ ಹೋಯಿತು, ಇನ್ನೊಂದರಲ್ಲಿ ಮೈನಸ್. ಖಾರದ ಪುಡಿ, ಅಚ್ಚ ಖಾರದ ಪುಡಿ, ಮೆಣಸಿನ ಪುಡಿ ಅಂತ ಅದೇ ಪ್ಯಾಕೆಟ್ಟಿಗೆ 3 ಹೆಸರು. ನಾವು ಮಾಡೋದು 23 ಥರದ ಪ್ಯಾಕೆಟ್, ಲಿಸ್ಟ್‌ನಲ್ಲಿ ಇದ್ದಿದ್ದು 71.

ಇನ್ನೊಂದು ಮಜಾ. ಹಳೇ ರೇಟ್ ಲಿಸ್ಟನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಸಿದ್ದೆವು. ಅದನ್ನ ಹಾಗೇ ಕಾಪಿ ಮಾಡಿ ಹಾಕಿದರೆ ಬರೀ ಗೀಟು, ಚುಕ್ಕೆ, ಇಂಗ್ಲಿಷ್ ಅಕ್ಷರದ ಕಿಚಡಿ. ಹಳೇ ನುಡಿ ಫಾಂಟಿನ ಅಕ್ಷರವೇ ಬೇರೆ, ಈಗಿನ ಯೂನಿಕೋಡ್ ಅಕ್ಷರವೇ ಬೇರೆ. ಬದಲಾಯಿಸಿಕೊಡುವ ಕನ್ವರ್ಟರ್ ಬಿಟ್ಟಿ ಸಿಗುತ್ತದೆ. ಅದು ಗೊತ್ತಿಲ್ಲದೆ ಎರಡು ದಿನ ಕೂತು ಮತ್ತೆ ಟೈಪ್ ಮಾಡಿದೆ.

ಗಿರಾಕಿಗಳ ಹೆಸರು ಇನ್ನೂ ಕಷ್ಟ. ಮಂಜುನಾಥನ ಹೆಸರಿನ ಅಂಗಡಿಗಳೇ ನಮ್ಮಲ್ಲಿ 9. ಚಿಕ್ಕಪ್ಪನಿಗೆ ಅವು ಬಸ್‌ಸ್ಟ್ಯಾಂಡ್ ಮಂಜುನಾಥ, ಆಲದಮರದ ಮಂಜುನಾಥ, ಕುಂಟು ಮೇಜಿನ ಮಂಜುನಾಥ. ಫೋನ್ ನಂಬರಿನ ಮೇಲೆ ಗುರುತಿಡೋಣ ಅಂದರೆ ಮಗ ಅಂಗಡಿ ಹಿಡಿದ ದಿನ ನಂಬರ್ ಬದಲಾಗುತ್ತದೆ. ಕೊನೆಗೆ ನಮ್ಮದೇ ನಂಬರ್ ಕೊಟ್ಟೆವು. ಹೊನ್ನಾಳಿ ಲೈನಿನ 14ನೇ ಅಂಗಡಿ ಅಂದರೆ ಹೊ-14. ಗಾಡಿ ನಿಲ್ಲುವ ಸಾಲಿನಲ್ಲೇ ನಂಬರ್ ಇರೋದರಿಂದ ಹುಡುಗನಿಗೂ ಸುಲಭ. ಅಂಗಡಿ ಯಾರ ಕೈಗೆ ಹೋದರೂ ಅದು ಹೊ-14 ಆಗಿಯೇ ಇರುತ್ತದೆ.

ಸ್ಟಾಕಿನ ಕತೆ ಕೇಳಿ. ನಮಗೆ ಬ್ಯಾಡಗಿ ಮೆಣಸಿನಕಾಯಿ ಬೇಕೇ ಬೇಕು, ಬಣ್ಣ ಬರೋದೇ ಅದರಿಂದ. ಸೀಸನ್ನಿನಲ್ಲಿ ಬ್ಯಾಡಗಿ ಮಾರುಕಟ್ಟೆಯಿಂದ ಚೀಲಗಟ್ಟಲೆ ತಂದು ಇಡುತ್ತೇವೆ. ಅದನ್ನ ಬಿಸಿಲಿಗೆ ಹಾಕಬೇಕು, ತೊಟ್ಟು ಬಿಡಿಸಬೇಕು, ಹುರಿಯಬೇಕು, ಕುಟ್ಟಿಸಬೇಕು, ಜರಡಿ ಹಿಡಿಯಬೇಕು. ಪ್ರತಿ ಹಂತದಲ್ಲೂ ತೂಕ ಹೋಗುತ್ತದೆ. ಇದು ಹುರಿಯುವವರಿಗೂ ಗೊತ್ತು, ಪ್ಯಾಕಿಂಗ್ ಅಕ್ಕಂದಿರಿಗೂ ಗೊತ್ತು, ನನಗೂ ಗೊತ್ತು. ಆದರೆ ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ. 100 ಕೆಜಿ ಕಾಯಿಗೆ 100 ಕೆಜಿ ಪುಡಿ ಅಂತ ಅದು ನಂಬಿತ್ತು. ಒಂದು ದಿನ ಸ್ಕ್ರೀನ್ ಮೇಲೆ 140 ಕೆಜಿ ಮೆಣಸಿನಕಾಯಿ ಇದೆ ಅಂತ ಬಂತು. ಒಳಗೆ ಹೋಗಿ ನೋಡಿದರೆ ಒಂದು ಚೀಲ, ಅದೂ ಅರ್ಧ. ಆ ಸ್ಕ್ರೀನ್ ನಂಬಿ ಕಾಯಿ ತರಿಸಿರಲಿಲ್ಲ. ಆ ವಾರ ಹೆಚ್ಚಿನ ರೇಟಿಗೆ ಮಂಡಿಪೇಟೆಯಲ್ಲಿ ಕೊಂಡು ತಂದೆ.

2024ರಲ್ಲಿ ಎರಡನೇ ಸಲ ಹೊರಟಾಗ ಮೊದಲ ಮೂರು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಒಂದು 200 ಪುಟದ ನೋಟ್‌ಬುಕ್ ತಗೊಂಡು ಚಿಕ್ಕಪ್ಪನ ಪಕ್ಕ ಕೂತೆ. ಅವರು ಮಾಡೋದನ್ನೆಲ್ಲ ಬರೆದೆ. ಈ ಅಂಗಡಿಗೆ ಯಾಕೆ ಎರಡು ರೂಪಾಯಿ ಕಮ್ಮಿ? ಇವರಿಗೆ ಯಾಕೆ ಬಾಕಿ ಇದ್ದರೂ ಮಾಲು ಹಾಕಿದಿರಿ, ಅವರಿಗೆ ಯಾಕೆ ಇಲ್ಲ? "ಅದೆಲ್ಲ ಬರ್ಕೊಂಡು ಏನ್ ಮಾಡ್ತೀಯೋ" ಅಂತ ನಗುತ್ತಿದ್ದರು. ಆಮೇಲೆ ಅವರೇ ನೆನಪಾದಾಗ ಕರೆದು ಹೇಳೋಕೆ ಶುರು ಮಾಡಿದರು. ಹಾಗೇ 8 ಸಲ ಮೆಣಸಿನಕಾಯಿ ತೂಗಿ ಒಳಗೆ ಬಿಟ್ಟು, ಪುಡಿ ತೂಗಿ ಹೊರಗೆ ತೆಗೆದೆವು. ಮಳೆಗಾಲಕ್ಕೊಂದು, ಬೇಸಿಗೆಗೊಂದು ಲೆಕ್ಕ ಸಿಕ್ಕಿತು. ಅದನ್ನ ಹಾಕಿದ ಮೇಲೆ ಸ್ಟಾಕ್ ಒಂದು ಮಟ್ಟಿಗೆ ಕೂಡಿಬಂತು. ಪೂರ್ತಿ ಕೂಡಿಬರಲ್ಲ. ತಿಂಗಳ ಕೊನೇ ಶನಿವಾರ ಈಗಲೂ ಚೀಲ ಎಣಿಸುತ್ತೇವೆ.

ಈ ತೂಗಾಟ ನೋಡಿ ಪ್ಯಾಕಿಂಗ್‌ನ ಒಬ್ಬ ಅಕ್ಕ ಒಂದು ಮಧ್ಯಾಹ್ನ ಕೇಳಿಯೇಬಿಟ್ಟರು. "ಅಣ್ಣಾ, ಇದೆಲ್ಲ ನಮ್ಮನ್ನ ಬಿಡ್ಸಾಕೆ ಅಲ್ವಾ?" ಮೊದಲ ಸಲ ನಾನು ಅವರಿಗೆ ಏನೂ ಹೇಳಿಯೇ ಇರಲಿಲ್ಲ. ಒಂದು ವರ್ಷ ಅದೇ ಭಯದಲ್ಲಿ ಇದ್ದರಂತೆ.

ಸಾಫ್ಟ್‌ವೇರ್ ಆರಿಸುವಾಗ ಈ ಸಲ ನಾನೇ ಪ್ರಶ್ನೆ ಹಿಡಿದು ಕೂತೆ. ನಮ್ಮ 23 ಐಟಂ, ನಮ್ಮ ಹೊನ್ನಾಳಿ ಲೈನಿನ ಒಂದು ದಿನದ ಬಿಲ್ಲುಗಳನ್ನೇ ಕೊಟ್ಟು, ಇದನ್ನ ನನ್ನೆದುರು ಮಾಡಿ ತೋರಿಸಿ ಅಂದೆ. ನಾಳೆ ನಿಮ್ಮನ್ನ ಬಿಟ್ಟು ಹೋದರೆ ನನ್ನ ಲೆಕ್ಕವೆಲ್ಲ ಎಕ್ಸೆಲ್ ಫೈಲಾಗಿ ಸಿಗುತ್ತಾ ಅಂತ ಕೇಳಿದೆ. ಮೊದಲಿನವರು ಬರೀ ಪಿಡಿಎಫ್ ಕೊಟ್ಟು ಕೈ ತೊಳೆದುಕೊಂಡಿದ್ದರು, ಅದನ್ನ ಇಟ್ಟುಕೊಂಡು ಏನು ಮಾಡೋದು? ಶುರು ಮಾಡಿದ್ದು ಹೊನ್ನಾಳಿ ಒಂದೇ ಲೈನು, ಬರೀ ಬಿಲ್ಲು. ಆರು ವಾರ ಪುಸ್ತಕದಲ್ಲೂ ಬರೆದೆವು, ಕಂಪ್ಯೂಟರಿನಲ್ಲೂ ಹೊಡೆದೆವು. ಡಬ್ಬಲ್ ಕೆಲಸ, ಬೇಜಾರು ಬರುತ್ತದೆ. ಎರಡರ ಮೊತ್ತ ಸತತ ಎರಡು ವಾರ ಕೂಡಿಬಂದ ಮೇಲೆ ಮುಂದಿನ ಲೈನು.

ಇಷ್ಟೆಲ್ಲ ಮಾಡಿಯೂ ದೊಡ್ಡ ಎಡವಟ್ಟು ಆಗಿದ್ದು ಆಮೇಲೇ.

ಬಿಲ್ ಸರಿಹೋಯಿತು ಅನ್ನೋ ಖುಷಿಯಲ್ಲಿ ಬಾಕಿ ಮೆಸೇಜ್ ಆನ್ ಮಾಡಿದೆ. ಯಾವ ಹೊತ್ತಿಗೆ ಹೋಗಬೇಕು ಅಂತ ಕೇಳಿತು. ಬೆಳಿಗ್ಗೆ 7:30 ಅಂತ ಒತ್ತಿದೆ. ಮೆಸೇಜನ್ನ ಓದಿ ಕೂಡ ನೋಡಲಿಲ್ಲ, ಅದರಲ್ಲೇ ಇದ್ದದ್ದನ್ನ ಬಿಟ್ಟೆ: "ನಿಮ್ಮ ಬಾಕಿ ಮೊತ್ತವನ್ನು ಕೂಡಲೇ ಪಾವತಿಸಿ." ಮಾರನೇ ದಿನ 8 ಗಂಟೆಗೆ ಹೊನ್ನಾಳಿ ಕಡೆಯ ಒಬ್ಬ ಹಿರಿಯರ ಫೋನು. ಅಪ್ಪನ ಕಾಲದಿಂದ ನಮ್ಮ ಮಾಲು ಹಾಕಿಸಿಕೊಳ್ಳುವವರು.

"ಏನ್ ತಮ್ಮಾ, ಅಂಗಡಿ ಬಾಗಿಲು ತೆಗೆದು ದೀಪ ಹಚ್ತಿದೀನಿ, ಇನ್ನೂ ಬೋಣಿ ಆಗಿಲ್ಲ, ದುಡ್ಡು ಕೊಡು ಅಂತ ಬಂತಲ್ಲೋ. ನಿಮ್ಮಪ್ಪ ಒಂದಿನನಾದ್ರೂ ಹಿಂಗೆ ಕೇಳಿದ್ನಾ?"

ನನಗೆ ಮಾತೇ ಹೊರಡಲಿಲ್ಲ. ಅವರು ಮುಂದುವರಿಸಿದರು, "ಅದೂ ಅಲ್ದೆ ನಿನ್ನೆ ಸಂಜೆನೇ 8,460 ರೂಪಾಯಿ ನಿಮ್ಮ ಗಾಡಿ ಹುಡುಗನ ಕೈಗೆ ಕೊಟ್ಟೀನಿ."

ಕೊಟ್ಟಿದ್ದು ನಿಜ. ಹುಡುಗ ಅದನ್ನ ಚೀಟಿ ಹಿಂದೆ ಬರೆದುಕೊಂಡು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಸಿಕ್ಕಿಸಿದ್ದ. ಕಂಪ್ಯೂಟರಿಗೆ ಅದು ಏರೋದು ಮಾರನೇ ದಿನ 10 ಗಂಟೆಗೆ. ಪುಸ್ತಕ ಇದ್ದಾಗ ಈ ಒಂದು ರಾತ್ರಿಯ ಅಂತರದಿಂದ ಯಾರಿಗೂ ತೊಂದರೆ ಇರಲಿಲ್ಲ, ಪುಸ್ತಕ ಎದ್ದುಹೋಗಿ ಯಾರನ್ನೂ ದುಡ್ಡು ಕೇಳುತ್ತಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಬೋಣಿಗೆ ಮುಂಚೆ ಕೇಳಬಾರದು, ಶುಕ್ರವಾರ ಸಂಜೆ ಕೇಳಬಾರದು, ಅಮಾವಾಸ್ಯೆ ಪೂಜೆಯ ದಿನ ಕೇಳಬಾರದು ಅಂತ ಒಂದು ಸಾಲೂ ಇರಲಿಲ್ಲ. ಚಿಕ್ಕಪ್ಪನನ್ನು ಕೇಳಿದರೆ, "ಅದನ್ನೂ ಬರೆಸಬೇಕಾಗಿತ್ತೇನೋ?" ಅಂದರು.

ಅವತ್ತೇ ಹೊನ್ನಾಳಿಗೆ ಹೋಗಿ ಬಂದೆ. ಚಹಾ ಕುಡಿಸಿ ಕಳಿಸಿದರು, ಆದರೆ ಆ ಸಲ ಆರ್ಡರ್ ಕೊಡಲಿಲ್ಲ.

ಈಗ ಹುಡುಗ ಅಂಗಡಿ ಮುಂದೆ ನಿಂತಿರುವಾಗಲೇ ಮೊಬೈಲಿನಲ್ಲಿ ದುಡ್ಡು ಏರಿಸುತ್ತಾನೆ. "ಇಷ್ಟು ಬಂತು, ಇಷ್ಟು ಉಳಿದಿದೆ" ಅಂತ ಅಂಗಡಿಯವರ ಫೋನಿಗೆ ಮೆಸೇಜ್ ಬಂದ ಮೇಲೇ ಗಾಡಿ ಹೊರಡಬೇಕು. ಬಾಕಿ ಮೆಸೇಜ್ ಹೋಗೋದು ಮಧ್ಯಾಹ್ನ 12ಕ್ಕೆ, ಮಂಗಳವಾರ ಮತ್ತು ಶುಕ್ರವಾರ ಇಲ್ಲ, ಅಮಾವಾಸ್ಯೆ ಇಲ್ಲ. ಮೆಸೇಜಿನ ಮಾತನ್ನ ಚಿಕ್ಕಪ್ಪನೇ ಬರೆದರು: "ನಮಸ್ಕಾರ, ನಮ್ಮ ಲೆಕ್ಕದಲ್ಲಿ ಇಷ್ಟು ತೋರಿಸ್ತಾ ಇದೆ, ವ್ಯತ್ಯಾಸ ಇದ್ದರೆ ಹೇಳಿ." ವ್ಯತ್ಯಾಸ ಇದ್ದರೆ ಹೇಳಿ ಅಂತ ಹಾಕಿದ ಮೇಲೆ ನಮ್ಮದೇ 5 ತಪ್ಪು ಸಿಕ್ಕವು.

ಈ ಏರ್ಪಾಡು ನಿಜವಾಗಿ ಕೈಹಿಡಿದಿದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಸಾಮಾನು ಮಾರುವವರಿಗೆ ಇರುವ ವರ್ಷಕ್ಕೆ 40 ಲಕ್ಷದ ಜಿಎಸ್‌ಟಿ ನೋಂದಣಿ ಗೆರೆಯನ್ನ ನಿಮ್ಮ ವ್ಯಾಪಾರ ದಾಟಿದೆ ಅಂತ. ಆಗ ನಮ್ಮ ಲೈನಿನ ಎಷ್ಟೋ ಅಂಗಡಿಯವರು ಹೆದರಿ ಸ್ಕ್ಯಾನರ್ ಎತ್ತಿಟ್ಟರು. ನಮಗೂ ಕ್ಯಾಶ್ ಕೊಡೋಕೆ ಶುರು ಮಾಡಿದರು. ಯುಪಿಐ ಬಂದ ಕೂಡಲೇ ತಾನೇ ಜಮಾ ಆಗುವ ಹಾಗೆ ಮಾಡಿಕೊಂಡಿದ್ದೆ, ಅದು ಒಂದೇ ವಾರದಲ್ಲಿ ಖಾಲಿ ಹೊಡೆಯಿತು. ಹುಡುಗನ ಮೊಬೈಲ್ ಲೆಕ್ಕ ಇಲ್ಲದಿದ್ದರೆ ಮತ್ತೆ ಚೀಟಿಯೇ ಗತಿ. ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಗಿ ನಮ್ಮ ಕೆಲವು ಸಾಮಾನು ಶೇಕಡಾ 12ರಿಂದ 5ಕ್ಕೆ ಇಳಿದಾಗ ಮಾತ್ರ ಹಾಯೆನಿಸಿತು. ಲಿಸ್ಟ್‌ನಲ್ಲಿ ಒಂದು ಪ್ಯಾಕೆಟ್ಟಿಗೆ ಒಂದೇ ಹೆಸರು. ಅರ್ಧ ಗಂಟೆಯಲ್ಲಿ ಮುಗಿಸಿ ಊಟಕ್ಕೆ ಹೋದೆ.

ಯಾರಿಗೆ ಉದ್ದರಿ ಕೊಡಬೇಕು, ಯಾರಿಗೆ ನಿಲ್ಲಿಸಬೇಕು ಅನ್ನೋದನ್ನ ಮಾತ್ರ ಕಂಪ್ಯೂಟರಿಗೆ ಬಿಟ್ಟಿಲ್ಲ. ಬಾಕಿ ಒಂದು ಮಟ್ಟ ದಾಟಿದರೆ ಬಿಲ್ ನಿಲ್ಲಿಸುವ ಸೌಲಭ್ಯ ಇದೆ. ಅದು ಬರೀ ಕೆಂಪು ಬಣ್ಣ ತೋರಿಸುವ ಹಾಗೆ ಇಟ್ಟಿದ್ದೇನೆ, ಹಾಕಬೇಕೋ ಬೇಡವೋ ಅಂತ ಚಿಕ್ಕಪ್ಪ ಹೇಳುತ್ತಾರೆ. ಅವರಿಗೆ ಈಗ 68. ಇನ್ನೆಷ್ಟು ದಿನ ಅವರೇ ಹೇಳೋದು ಅನ್ನೋ ಚಿಂತೆ ನನಗಿದೆ. ಅದಕ್ಕೇ ಗಾಡಿ ಹುಡುಗನನ್ನೂ ವಾರಕ್ಕೊಂದು ಸಂಜೆ ಅವರ ಪಕ್ಕ ಕೂರಿಸುತ್ತೇನೆ.

ಗಿರಾಕಿ ಲಿಸ್ಟ್‌ನಲ್ಲಿ ಚಿಕ್ಕಪ್ಪ ಒಂದು ಹೊಸ ಕಾಲಂ ಹಾಕಿಸಿದ್ದಾರೆ: "ಮೆಸೇಜ್ ಬೇಡ, ನಾನೇ ಹೋಗಿ ಬರ್ತೀನಿ." ಅದರಲ್ಲಿ 17 ಅಂಗಡಿ ಇವೆ. ಹೊನ್ನಾಳಿಯ ಆ ಹಿರಿಯರದ್ದೇ ಮೊದಲ ಹೆಸರು.