ತಾಯಿಯಿಲ್ಲದ ಬೆಕ್ಕಿನ ಮರಿ: ಮೊದಲು ಶಾಖ, ಆಮೇಲೆ ಹಾಲು

ಕಣ್ಣು ಬಿಡದ ಮರಿಗಳು ತಾಯಿಯಿಲ್ಲದೆ ಮನೆಯಲ್ಲಿ ಉಳಿಯೋದು ಆಗದ ಮಾತು ಅಂದವರೇ ಹೆಚ್ಚು. ಈಗ ಅವರೇ ಮರಿಗಳನ್ನು ನನ್ನಲ್ಲಿಗೆ ಕಳಿಸುತ್ತಾರೆ. ನಾನು ಹಿಡಿದ ಹಟ ಒಂದೇ: ತಣ್ಣಗಿರುವ ಮರಿಗೆ ಒಂದು ಹನಿ ಹಾಲೂ ಇಲ್ಲ.

ಮೈ ತಣ್ಣಗಾದರೆ ಕರುಳಿನ ಕೆಲಸ ನಿಲ್ಲುತ್ತದೆ. ಆಗ ಕುಡಿಸಿದ್ದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶ ಸೇರುತ್ತದೆ. ಪಾಪ, ಹಸಿದಿದೆ ಅಂತ ಬಾಟಲಿ ಹಿಡಿದೇ ಎಷ್ಟೋ ಮರಿಗಳು ಹೋಗಿವೆ. ಬಟ್ಟೆ ಸುತ್ತಿದ ಬಿಸಿನೀರಿನ ಬ್ಯಾಗಿನ ಮೇಲೆ ಒಂದೆರಡು ಗಂಟೆ ನಿಧಾನವಾಗಿ ಕಾಯಿಸಿ. ಅವಸರದ ಶಾಖವೂ ಕೊಲ್ಲುತ್ತದೆ. ಥರ್ಮಾಮೀಟರ್ 35–36 ಡಿಗ್ರಿ ತೋರಿಸಬೇಕು, ಬಾಯಿಗೆ ಬೆರಳಿಟ್ಟರೆ ಚೀಪಬೇಕು. ಬಾಟಲಿ ಆಮೇಲೆ.

ಮರಿಗಳನ್ನಿಡುವ ಪೆಟ್ಟಿಗೆಯೊಳಗೆ ಮೊದಲ ವಾರ 30–32 ಡಿಗ್ರಿ, ಅದೂ ಅರ್ಧ ಭಾಗಕ್ಕೆ ಮಾತ್ರ. ಸೆಕೆಯಾದರೆ ಮರಿ ಆಚೆ ತೆವಳಬೇಕಲ್ಲ. ಬಲ್ಬ್ ತೂಗುಹಾಕಿಯೂ ನೋಡಿದೆ, ಮೈಯ ನೀರು ಒಣಗುತ್ತದೆ, ಬಿಟ್ಟೆ.

ಹಸುವಿನ ಹಾಲಿನಿಂದ ಭೇದಿ ಶುರುವಾಗುತ್ತದೆ. ಬೆಕ್ಕಿನ ಮರಿಗಳದೇ ಹಾಲಿನ ಪುಡಿ ಬೇಕು. 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ ಸುಮಾರು 4 ಮಿ.ಲೀ., ಮೊದಲ ವಾರ ರಾತ್ರಿಯೂ ಸೇರಿ ಎರಡು-ಮೂರು ಗಂಟೆಗೊಮ್ಮೆ. ಬೇಗ ತೂಕ ಬರಲೆಂದು ಗಟ್ಟಿಯಾಗಿ ಕಲಸಿದರೆ ಮಲಬದ್ಧತೆ ಖಂಡಿತ. ಡಬ್ಬಿಯ ಮೇಲಿನ ಅಳತೆಯೇ ಸರಿ. ಕುಡಿಸುವಾಗ ಮರಿ ಹೊಟ್ಟೆಯ ಮೇಲೆಯೇ ಮಲಗಿರಲಿ, ಬೆನ್ನ ಮೇಲೆ ಬೇಡವೇ ಬೇಡ. ಬಾಟಲಿ ತಲೆಕೆಳಗು ಮಾಡಿದರೆ ಹಾಲು ತೊಟ್ಟಿಕ್ಕಬೇಕು, ಸುರಿಯಬಾರದು. ನಿಪ್ಪಲ್ ಹಿಡಿಯದ ಹಟಮಾರಿಗೆ ಒಂದು ಕೈಚಳಕವಿದೆ, ಅದನ್ನು ಎದುರಿಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ಮೂರು ವಾರದವರೆಗೆ ಪ್ರತಿ ಸಲ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ ಮೂತ್ರ, ಮಲ ಮಾಡಿಸಬೇಕು.

ದುಡ್ಡೆಲ್ಲ ಪುಡಿಗೆ, ಪಶುವೈದ್ಯರಿಗೆ ಹೋಗುತ್ತದೆ. ಹಾಸಿಗೆ, ಆಟಿಕೆ ಬಿಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಮೊದಲು ಕೊಳ್ಳಿ. ದಿನವೂ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ದಿನಕ್ಕೆ ಸುಮಾರು 10 ಗ್ರಾಂ ಏರಬೇಕು. ಮರಿ ಆಡುತ್ತಿದ್ದರೂ ತೂಕ ಇಳಿಯಿತೋ, ಅದೇ ದಿನ ವೈದ್ಯರ ಬಳಿ ಓಡಿ. ಬೇರೆ ಲಕ್ಷಣ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮನೆಯ ಬೆಕ್ಕುಗಳಿಂದ ಎರಡು ವಾರ ಬೇರೆ ಕೋಣೆ. ಪ್ಯಾನ್‌ಲ್ಯುಕೋಪೀನಿಯಾ (ಮರಿಗಳಿಗೆ ಮಾರಕವಾಗುವ, ಬೆಕ್ಕುಗಳ ಅಂಟುರೋಗ) ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಸಾಮಾನ್ಯ ಸೋಪಿಗೆ ಜಗ್ಗದು. ಮೊದಲು ಕೊಳೆ ತೊಳೆದು, ಒಂದು ಪಾಲು ಬ್ಲೀಚಿಗೆ 32 ಪಾಲು ನೀರು ಬೆರೆಸಿ ಹತ್ತು ನಿಮಿಷ ಹಸಿಯಾಗಿಯೇ ಬಿಡಿ.

ಎಂಟು ವಾರ ತುಂಬಿ, ತಾನೇ ತಿಂದು, ಮೊದಲ ಲಸಿಕೆ ಆದ ಮೇಲಷ್ಟೇ ದತ್ತು. ಕೇಳುವವರು ಎಷ್ಟೇ ಅವಸರ ಮಾಡಲಿ, ಅದಕ್ಕಿಂತ ಮೊದಲು ಕೊಡುವುದಿಲ್ಲ.