ರಕ್ತ ಕೊಟ್ಟ ಮೇಲೆ ಏರು ಓಡಿದರೆ

ನಾನು ರಕ್ತ ಕೊಡುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಬೇಸಿಗೆ ತುಂಬ ನಮಗೆ ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಿ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ ಆ ಹಬ್ಬ ಮುಗಿಯುವವರೆಗೆ ಒಂದು ತೊಟ್ಟು ರಕ್ತವನ್ನೂ ಬಿಟ್ಟುಕೊಡಲು ಮನಸ್ಸಿರುವುದಿಲ್ಲ. ಮಳೆ ಹಿಡಿದು ಮೈದಾನ ಕೆಸರಾದ ಮೇಲೆ ಆರಾಮಾಗಿ ಕೊಡಬಹುದು. ತೋಟಕ್ಕೆ ಇಳಿದರೆ ಜಿಗಣೆಗಳು ಹೇಗೂ ಕೇಳದೆ ತೆಗೆದುಕೊಳ್ಳುತ್ತವೆ, ಅಲ್ವಾ?

ಶಿಬಿರದಲ್ಲಿ ತೂಕ ನೋಡಿ 350 ಅಥವಾ 450 ಮಿಲಿ ತೆಗೆಯುತ್ತಾರೆ. ಹಿಮೋಗ್ಲೋಬಿನ್ 12.5 ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಆ ದಿನ ಓಟವಿಲ್ಲ, ಭಾರ ಎತ್ತುವುದಿಲ್ಲ, ನೀರು ಜಾಸ್ತಿ. ಚೆನ್ನಾಗಿ ನೀರು ಕುಡಿದರೆ ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಎದ್ದು ನಿಂತರೆ ತಲೆ ಹಗುರಾಗುವುದೂ ಅಷ್ಟರಲ್ಲಿ ನಿಲ್ಲುತ್ತದೆ.

ಅಲ್ಲಿಗೆ ಎಲ್ಲ ಸರಿಹೋಯಿತು ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಆದರೆ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳು ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು. ಒಂದು ತಿಂಗಳಿಂದ ಎರಡು ತಿಂಗಳು ಅನ್ನಿ. ನಡೆದಾಡುವಾಗ ಇದು ಗೊತ್ತೇ ಆಗುವುದಿಲ್ಲ. ಪೂರ್ತಿ ದಮ್ಮು ಹಾಕಿದಾಗ ಮಾತ್ರ ಗೊತ್ತಾಗುತ್ತದೆ. ಮಡಿಕೇರಿಯಲ್ಲಿ ಸಮತಟ್ಟಾದ ರಸ್ತೆ ಹುಡುಕುವುದೇ ಕಷ್ಟ, ಹಾಗಾಗಿ ನನಗೆ ಬೇಗ ಗೊತ್ತಾಗುತ್ತದೆ. ಕಾಲು ಚೆನ್ನಾಗಿರುತ್ತದೆ, ಉಸಿರು ಸಾಲುವುದಿಲ್ಲ. ಅದೇ ಏರು, ಅದೇ ವೇಗ, ಆದರೆ ಗಡಿಯಾರ ತೋರಿಸುವ ಎದೆಬಡಿತ ಮಾತ್ರ ಮೇಲೆ. ಒಂದು ಸಲಕ್ಕೆ ಕಡಿಮೆ ಆಮ್ಲಜನಕ ಹೊತ್ತರೆ ಹೃದಯ ಜಾಸ್ತಿ ಸಲ ಓಡಾಡಲೇಬೇಕಲ್ಲ.

ಅದಕ್ಕೇ ಮೊದಲ ಕೆಲವು ವಾರ ನಾನು ವೇಗ ನೋಡುವುದಿಲ್ಲ, ಬಡಿತ ನೋಡಿ ಓಡುತ್ತೇನೆ. ಬಡಿತ ಏರಿದರೆ ನಡೆಯುತ್ತೇನೆ. ಸ್ಪ್ರಿಂಟ್ ಪೂರ್ತಿ ಬಂದ್. ಬಡಿತ ಹಳೆಯ ಲೆಕ್ಕಕ್ಕೆ ಇಳಿದ ಮೇಲೆಯೇ ಗಟ್ಟಿ ಅಭ್ಯಾಸ.

ಕಬ್ಬಿಣದ ಲೆಕ್ಕ ಇನ್ನೂ ನಿಧಾನ. ಒಂದು ಸಲ ಕೊಟ್ಟರೆ 200 ಮಿಲಿಗ್ರಾಂ ಆಸುಪಾಸು ಕಬ್ಬಿಣ ಹೋಗುತ್ತದೆ. ಊಟದಿಂದ ದೇಹ ಹೀರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ ಅಷ್ಟೇ. ಪಂದಿಕರಿ (ನಮ್ಮ ಹಂದಿಮಾಂಸದ ಸಾರು) ತಿನ್ನಲು ನನಗೆ ನೆಪ ಬೇಕಿಲ್ಲ, ಆದರೂ ಇದು ಒಳ್ಳೆಯ ನೆಪ. ಲಿವರ್ ಇನ್ನೂ ಒಳ್ಳೆಯದು. ಸೊಪ್ಪು, ಕಾಳು ತಿನ್ನುವವರು ಜೊತೆಗೆ ನಿಂಬೆಯನ್ನೋ ಸೀಬೆಯನ್ನೋ ಸೇರಿಸಿಕೊಳ್ಳಲಿ. ಕಾಫಿ ತೋಟದವನು ಹೇಳಬಾರದ ಮಾತೊಂದಿದೆ: ಊಟದ ಜೊತೆ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಾನು ರೊಟ್ಟಿಗೆ ಒಂದು ಗಂಟೆ ಮೊದಲೇ ಕುಡಿದು ಮುಗಿಸುತ್ತೇನೆ.

ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮತ್ತೆ ಕೊಡಬಹುದು ಅಂತ ನಿಯಮ. ಆಡುವ ಹೆಣ್ಣುಮಕ್ಕಳಿಗೆ ಮುಟ್ಟಿನಲ್ಲೂ ಕಬ್ಬಿಣ ಹೋಗುವುದರಿಂದ, ಮತ್ತೆ ಕೊಡುವ ಮೊದಲು ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿಕೊಳ್ಳಿ ಅಂತಲೇ ನಾನು ಹೇಳುವುದು.

ಟೂರ್ನಿ ಮಧ್ಯೆ ಯಾರಿಗಾದರೂ ತುರ್ತಾಗಿ ಬೇಕಾದರೆ ಜೂನ್ ಅಂತ ಕಾಯುವುದಿಲ್ಲ, ಕೊಡುತ್ತೇನೆ. ಆಮೇಲಿನ ಪಂದ್ಯಗಳಲ್ಲಿ ಫಾರ್ವರ್ಡ್ ಬಿಟ್ಟು ಹಿಂದೆ ನಿಲ್ಲುತ್ತೇನೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಹೊರಗೆ ಬಂದು ಮತ್ತೆ ಒಳಗೆ ಹೋಗಬಹುದಲ್ಲ, ಉಸಿರು ಕಟ್ಟಿದಾಗಲೆಲ್ಲ ಬೆಂಚಿಗೆ ಕೈ ಬೀಸುತ್ತೇನೆ.