ನಿಂತುಹೋದ ಬಸ್ಸನ್ನು ಮತ್ತೆ ಬಡಾವಣೆಯೊಳಗೆ ತರಿಸಿದ್ದು: ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದಲ್ಲಿ ದೊಡ್ಡ ರಸ್ತೆಗೆ ಬಸ್ಸಿನ ಕೊರತೆ ಇಲ್ಲ. ಕೊರತೆ ಇರುವುದು ಆ ರಸ್ತೆಯಲ್ಲಿ ಇಳಿದ ಮೇಲೆ ಮನೆ ಮುಟ್ಟುವುದಕ್ಕೆ. ನಮ್ಮ ಬಡಾವಣೆಗೆ ಬರುತ್ತಿದ್ದ ನಗರ ಸಾರಿಗೆ ಬಸ್ ನಿಂತುಹೋಗಿತ್ತು. ಅದನ್ನು ಮತ್ತೆ ಒಳಗೆ ತರಿಸಲು ಏನೇನು ಮಾಡಿದಿರಿ ಅಂತ ಧಾರವಾಡದಿಂದಲೂ ಗದಗದಿಂದಲೂ ಪರಿಚಯದವರು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಬಡಾವಣೆಯ ಹೆಸರು ಬೇಡ. ನಮಗೆ ಸಹಾಯ ಮಾಡಿದವರಿಗೆ ನಾಳೆ ಅದರಿಂದ ತೊಂದರೆ ಆಗಬಾರದು. ನಾನು ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಇಂಜಿನಿಯರ್ ಅಲ್ಲ, ರಾಜಕೀಯದವಳಂತೂ ಅಲ್ಲವೇ ಅಲ್ಲ.

ಮೊದಲು ಚಿಗರಿಯ, ಅಂದರೆ ದೊಡ್ಡ ರಸ್ತೆಯ ನಡುವೆ ತನ್ನದೇ ದಾರಿಯಲ್ಲಿ ಓಡುವ ಬಿಆರ್‌ಟಿಎಸ್ ಬಸ್ಸಿನ ವಿಷಯ ಹೇಳಬೇಕು, ಯಾಕೆಂದರೆ ನಮ್ಮ ಮೊದಲ ಮೀಟಿಂಗಿನಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಸ್ ಓಡಿದವು, 2020ರ ಫೆಬ್ರುವರಿಯಲ್ಲಿ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟಿಸಿದರು. ಅದಕ್ಕೆ ವಿಶ್ವಬ್ಯಾಂಕಿನ ನೆರವು ಇತ್ತು. ಕೆಲಸಕ್ಕೆ ಅಂತಲೇ ಒಂದು ಬೇರೆ ಕಂಪನಿ ಮಾಡಿದರು, ಅದರಲ್ಲಿ ರಾಜ್ಯ ಸರ್ಕಾರ, ಮಹಾನಗರ ಪಾಲಿಕೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಲ್ಲರದೂ ಪಾಲಿದೆ. ಅಂದರೆ ದೊಡ್ಡ ರಸ್ತೆಯ ಮಟ್ಟಿಗೆ ರಾಜ್ಯದವರನ್ನೂ ಊರಿನವರನ್ನೂ ಒಂದೇ ಮೇಜಿಗೆ ಕೂರಿಸುವ ವ್ಯವಸ್ಥೆ ಇದೆ. ಚಿಗರಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬೇರೆ ಮಾತು, ಆ ವಾದ ನಮ್ಮೂರಿನಲ್ಲಿ ಚಹಾದಂಗಡಿಗೊಂದು ಇದೆ. ನಾನು ಹೇಳುವುದು ಇಷ್ಟೇ: ಆ ಮೇಜು ಒಳರಸ್ತೆಗೆ ಇಲ್ಲ. ಬೇಕಾದರೆ ನಾವೇ ಹಾಕಿಕೊಳ್ಳಬೇಕು.

"ಚಿಗರಿನ್ನ ಒಳಗ ತಿರುಗಿಸ್ರಿ" ಅನ್ನುವ ಬೇಡಿಕೆಯನ್ನು ನಾನು ಮೊದಲ ದಿನವೇ ಕೈಬಿಡಿಸಿದೆ. ಅದರ ನಿಲ್ದಾಣ ರಸ್ತೆಯ ನಡುವೆ, ಹತ್ತುವ ಬಾಗಿಲು ಬಲಗಡೆ, ಕಟ್ಟೆಯ ಎತ್ತರಕ್ಕೆ ಸರಿಯಾಗಿ ಮಾಡಿದ ಬಸ್ಸು. ಬಡಾವಣೆಯ ರಸ್ತೆ ಪಕ್ಕದಲ್ಲಿ ಅದನ್ನು ನಿಲ್ಲಿಸಿ ಯಾರು ಹೇಗೆ ಹತ್ತುತ್ತಾರೆ? ಆಗದ್ದನ್ನು ಕೇಳಿದರೆ ಅಧಿಕಾರಿಗಳಿಗೆ ಇಲ್ಲ ಅನ್ನುವುದು ಸುಲಭ. ನಾವು ಕೇಳಿದ್ದು ಸಾದಾ ನಗರ ಸಾರಿಗೆ ಬಸ್. ಬೆಳಿಗ್ಗೆ ಒಳಗಿಂದ ಹೊರಟು ಚಿಗರಿ ನಿಲ್ದಾಣ ಮುಟ್ಟಿಸಬೇಕು, ಸಂಜೆ ವಾಪಸ್ ತರಬೇಕು. ಅಷ್ಟೇ.

ಇನ್ನು ಬಸ್ ಯಾಕೆ ನಿಂತಿತ್ತು? ನಮ್ಮ ಮುಖ್ಯ ಅಡ್ಡರಸ್ತೆಯ ಮೋರಿ ಒಂದು ಬದಿ ಕುಸಿದಿತ್ತು. ನೀರಿನ ಪೈಪಿಗೆ ಅಗೆದ ತಗ್ಗನ್ನು ಗುತ್ತಿಗೆದಾರರೊಬ್ಬರು ಅದೇ ಎರೆಮಣ್ಣಿನಿಂದ ಮುಚ್ಚಿ ಹೋಗಿದ್ದರು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಭಾರದ ಗಾಡಿ ಓಡಿದರೆ ಕುಸಿಯದೆ ಇನ್ನೇನಾಗುತ್ತದೆ? ಗರಸು ತುಂಬಿ ದಮ್ಮಸು ಮಾಡಬೇಕಿತ್ತು. ಇದರ ಜೊತೆಗೆ ಬಸ್ ತಿರುಗುವ ಜಾಗದಲ್ಲೇ ಒಂದು ವಿದ್ಯುತ್ ಕಂಬ.

ಈಗ ಮಜಾ ನೋಡಿ. ಬಸ್ಸಿನವರ ಹತ್ತಿರ ಹೋದೆವು. "ಬಸ್ ಬಿಡಾಕ ನಾವು ತಯಾರ ಅದೇವ್ರಿ ಮೇಡಂ, ಆದ್ರ ಮೋರಿ ಕುಸದೈತಿ. ಗಾಡಿ ಸಿಕ್ಕೊಂಡ್ರ ಡ್ರೈವರ್ ಮ್ಯಾಲೆ ಬರತೈತಿ" ಅಂದರು. ರಸ್ತೆಯವರು, "ಈಗ ಮೋರಿ ಕಟ್ಟಿದ್ರ ನೀರಿನವರು ಮತ್ತ ಅಗೀತಾರ್ರೀ, ಅವರ ಕೆಲಸ ಮುಗೀಲಿ" ಅಂದರು. ನೀರಿನವರಿಗೆ ಪೈಪ್ ಹಾಕಲು ಕಂಬ ಅಡ್ಡ. ಲೈಟಿನವರು, "ಕಂಬ ಸರಸ್ತೇವ್ರಿ, ರೊಕ್ಕ ಯಾರು ತುಂಬತಾರ? ರಸ್ತೆಯವರು ಪತ್ರ ಕೊಡ್ಲಿ" ಅಂದರು. ರಸ್ತೆಯವರ ಹತ್ತಿರ ಮತ್ತೆ ಹೋದರೆ, ಬಸ್ಸೇ ಬರದ ರಸ್ತೆಗೆ ಕಂಬ ಸರಿಸುವ ಖರ್ಚು ಹೇಗೆ ತೋರಿಸುವುದು ಅಂತ ಅವರ ಪ್ರಶ್ನೆ. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಆದರೆ ಒಂದು ಮಾತು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಅವರವರ ಫೈಲಿನ ಒಳಗೆ ಎಲ್ಲರೂ ಸರಿ. ಇದು ಅರ್ಥವಾದ ಮೇಲೆ ನನಗೆ ಅವರ ಮೇಲಿನ ಸಿಟ್ಟು ಇಳಿಯಿತು, ಕೆಲಸವೂ ಸ್ವಲ್ಪ ಸುಲಭವಾಯಿತು.

ನಮ್ಮಲ್ಲಿ ಕೆಲವರು ಸೀದಾ ಮಂತ್ರಿಗಳಿಗೇ ಬರೆಯೋಣ ಅಂದರು. ಬರೆದೆವು ಕೂಡ, ಬೇಡ ಅಂದರೆ ಬೇಜಾರಾಗುತ್ತಾರೆ ಅಂತ. ಮೇಲೆ ಹೋದ ಪತ್ರ "ನಿಯಮಾನುಸಾರ ಪರಿಶೀಲಿಸಿ" ಅನ್ನುವ ಷರಾ ಹೊತ್ತುಕೊಂಡು ಕೆಳಗಿಳಿದು, ನಾವು ಮೊದಲೇ ಹೋಗಿದ್ದ ಮೇಜಿಗೇ ಬಂತು. ದೂರು ಕೊಡಲು ರಾಜ್ಯ ಸರ್ಕಾರದ 1902 ಸಹಾಯವಾಣಿಯೂ ಇದೆ. ಬೀದಿದೀಪ, ಕಸ, ಇಂಥ ಒಂದೇ ಇಲಾಖೆಯ ದೂರಿಗೆ ಅದು ಒಳ್ಳೆಯದು. ನಾಲ್ಕು ಇಲಾಖೆಯ ಗಂಟು ಇದ್ದರೆ ದೂರು ಒಬ್ಬರ ತಲೆಗೆ ಬೀಳುತ್ತದೆ, ಅವರು "ನಮಗೆ ಸಂಬಂಧಿಸಿದ್ದಲ್ಲ" ಅಂತ ಬರೆದು ಮುಗಿಸುತ್ತಾರೆ. ಅದೂ ನಿಜವೇ ಅಲ್ವಾ?

ನಿಮ್ಮದು ಹೊಸ ಬಡಾವಣೆ ಆಗಿದ್ದರೆ ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಪಡೆದು ಖಾಸಗಿಯವರು ಮಾಡಿದ ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ? ಆಗಿಲ್ಲದಿದ್ದರೆ ಆ ರಸ್ತೆಗೆ ಪಾಲಿಕೆಯ ದುಡ್ಡು ಹಾಕುವುದು ಕಷ್ಟ, ನೀವು ಎಷ್ಟು ತೆರಿಗೆ ಕಟ್ಟಿದ್ದರೂ. ನಮ್ಮದು ಆಗಿತ್ತು, ಪುಣ್ಯ.

ಆಮೇಲೆ ಮಾಹಿತಿ ಹಕ್ಕು. ಇದರಲ್ಲಿ ಕರ್ನಾಟಕದ ನಿಯಮ ಗೊತ್ತಿರಲಿ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ನಾಲ್ಕು ಪುಟ ದುಃಖ ತೋಡಿಕೊಂಡು ಕೊನೆಗೆ ಪ್ರಶ್ನೆ ಕೇಳುತ್ತಾರೆ, ಅರ್ಜಿ ವಾಪಸ್ ಬರುತ್ತದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನ. ಅರ್ಜಿ ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸುವುದು ಅವರದೇ ಹೊಣೆ, ಕಾನೂನಿನ 6(3)ನೇ ಕಲಂ. ನಾವು "ಯಾಕೆ ರಿಪೇರಿ ಮಾಡಿಲ್ಲ" ಅಂತ ಕೇಳಲಿಲ್ಲ, ಯಾಕೆ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕಾಗದ ಕೇಳಿದೆವು. ರಸ್ತೆ ಅಗೆಯಲು ಕೊಟ್ಟ ಅನುಮತಿ ಪತ್ರದ ಪ್ರತಿ, ಗುತ್ತಿಗೆದಾರರಿಗೆ ಕೆಲಸ ವಹಿಸಿಕೊಟ್ಟ ಕಾರ್ಯಾದೇಶದ ಪ್ರತಿ. ಅನುಮತಿಯಲ್ಲೇ ಬರೆದಿತ್ತು, ಅಗೆದವರು ರಸ್ತೆಯನ್ನು ಮೊದಲಿದ್ದ ಸ್ಥಿತಿಗೆ ತರಬೇಕು ಅಂತ. ಕಾರ್ಯಾದೇಶದಲ್ಲಿ, ಕೆಲಸ ಮುಗಿದ ಮೇಲೂ ಇಷ್ಟು ಕಾಲ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕು ಅಂತ ಷರತ್ತು ಇತ್ತು, ಆ ಅವಧಿ ಇನ್ನೂ ಮುಗಿದಿರಲಿಲ್ಲ. ಈ ಎರಡು ಹಾಳೆ ಕೈಗೆ ಬಂದ ಮೇಲೆ ತಗ್ಗಿನ ಖರ್ಚು ಯಾರದು ಅನ್ನುವ ಪ್ರಶ್ನೆಯೇ ಉಳಿಯಲಿಲ್ಲ. ಉಳಿದದ್ದು ಮೋರಿ ಮತ್ತು ಕಂಬ.

ಈಗ ಮುಖ್ಯ ಮಾತಿಗೆ ಬರುತ್ತೇನೆ: ಜಂಟಿ ಸ್ಥಳ ಪರಿಶೀಲನೆ. ನಾಲ್ಕೂ ಕಡೆಯವರನ್ನು ಒಂದೇ ದಿನ, ಒಂದೇ ಹೊತ್ತಿಗೆ ಆ ಮೋರಿಯ ಮೇಲೆ ನಿಲ್ಲಿಸುವುದು. ದೊಡ್ಡ ಅಧಿಕಾರಿಗಳನ್ನು ಕರೆಯಲಿಲ್ಲ. ಅವರು ಬಂದರೆ ಹಾರ, ಶಾಲು, ಫೋಟೋ, ಭಾಷಣ, ಹೊತ್ತು ಮುಗಿಯಿತು. ನಮಗೆ ಬೇಕಾದವರು ವಾರ್ಡಿನ ಸಹಾಯಕ ಇಂಜಿನಿಯರ್, ನೀರಿನ ಸೈಟ್ ಇಂಜಿನಿಯರ್, ವಿದ್ಯುತ್ತಿನ ಸೆಕ್ಷನ್ ಆಫೀಸರ್, ಡಿಪೋದಿಂದ ಸಂಚಾರ ವಿಭಾಗದ ಒಬ್ಬರು. ಕರೆದದ್ದು ನಮ್ಮ ಪಾಲಿಕೆ ಸದಸ್ಯರು. ಇದು ಬಹಳ ಮುಖ್ಯ. ಸಂಘ ಕರೆದರೆ ಅದು ವಿನಂತಿ ಅಷ್ಟೇ, ಆರಿಸಿ ಬಂದ ಸದಸ್ಯರು ಕರೆದರೆ ಅದಕ್ಕೊಂದು ತೂಕ. ಪಾಲಿಕೆಯ ಇಂಜಿನಿಯರ್ ಬಂದೇ ಬರುತ್ತಾರೆ. ಉಳಿದವರು ರಾಜ್ಯದ ಸಂಸ್ಥೆಗಳವರು, ಪಾಲಿಕೆ ಸದಸ್ಯರ ಮಾತು ಕೇಳಲೇಬೇಕು ಅಂತೇನಿಲ್ಲ. ಅದಕ್ಕೇ ಶಾಸಕರ ಕಚೇರಿಯಿಂದ ಅವರಿಗೆಲ್ಲ ಒಂದೊಂದು ಫೋನ್ ಮಾಡಿಸಿದೆವು. ಸದಸ್ಯರು ಒಂದು ಪಕ್ಷ, ಶಾಸಕರು ಇನ್ನೊಂದು ಪಕ್ಷ ಆಗಿದ್ದರೆ? ನಮ್ಮಲ್ಲೂ ಸಂಬಂಧ ಅಷ್ಟಕ್ಕಷ್ಟೇ. ಇಬ್ಬರಿಗೂ ಬೇರೆ ಬೇರೆ ಹೋಗಿ, ಇಬ್ಬರ ಹೆಸರನ್ನೂ ಪತ್ರದಲ್ಲಿ ಹಾಕುತ್ತೇವೆ ಅಂದೆವು, ಹಾಕಿದೆವು.

ಬೆಳಿಗ್ಗೆ ಏಳಕ್ಕೆ ಇಟ್ಟುಕೊಂಡೆವು. ಆ ಹೊತ್ತಿಗೆ ಇಂಜಿನಿಯರುಗಳು ಹೇಗಿದ್ದರೂ ರೌಂಡ್ಸಿಗೆ ಹೊರಟಿರುತ್ತಾರೆ, ಹತ್ತರ ನಂತರ ಮೀಟಿಂಗ್ ಹಾವಳಿ ಶುರು. ನಾನು ಒಂದೇ ಹಾಳೆಯಲ್ಲಿ ಪಟ್ಟಿ ಬರೆದುಕೊಂಡು ಹೋಗಿದ್ದೆ: ಕೆಲಸ ಏನು, ಯಾರದು, ಅದಕ್ಕೂ ಮೊದಲು ಯಾರ ಕೆಲಸ ಆಗಬೇಕು, ದುಡ್ಡು ಎಲ್ಲಿಂದ, ಯಾವಾಗ. ಕೊನೆಯ ಖಾನೆ ಸಹಿಗೆ. ಅರ್ಧ ಗಂಟೆ ವಾದ ನಡೆಯಿತು, ಸ್ವಲ್ಪ ಜೋರಾಗಿಯೇ. ಆದರೆ ಕಚೇರಿಯಲ್ಲಿ ಕೂತು "ಅವರದು" ಅನ್ನುವುದು ಸುಲಭ, "ಅವರು" ಪಕ್ಕದಲ್ಲೇ ಚಹಾ ಕುಡಿಯುತ್ತಾ ನಿಂತಿರುವಾಗ ಕಷ್ಟ. ಲೈಟಿನವರೇ ಟೇಪ್ ಹಿಡಿದು ಅಳೆದು, ಕಂಬವನ್ನು ಪೂರ್ತಿ ಸ್ಥಳಾಂತರ ಮಾಡಬೇಕಾಗಿಲ್ಲ, ಸ್ವಲ್ಪ ಹಿಂದೆ ಸರಿಸಿದರೆ ಪೈಪಿಗೂ ಬಸ್ಸಿಗೂ ದಾರಿಯಾಗುತ್ತದೆ ಅಂದರು. ಅಂದಾಜಿನ ಮೊತ್ತ ಒಂದೇ ಸಲಕ್ಕೆ ಇಳಿಯಿತು. ಇದು ಯಾವ ಪತ್ರ ವ್ಯವಹಾರದಲ್ಲೂ ಹೊಳೆಯುತ್ತಿರಲಿಲ್ಲ. ಸಹಿ ಹಾಕಲು ಮಾತ್ರ ಒಬ್ಬರು ಹಿಂಜರಿದರು. "ಇದು ಆದೇಶ ಅಲ್ಲರೀ, ಇವತ್ತ ಏನ್ ನೋಡಿದ್ವಿ ಅನ್ನೋದಷ್ಟ" ಅಂತ ಸದಸ್ಯರು ಹೇಳಿದ ಮೇಲೆ ಹಾಕಿದರು. ಅದರ ಪ್ರತಿಯನ್ನು ಎಲ್ಲ ಕಚೇರಿಗಳ ಟಪಾಲಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು.

ಟಪಾಲಿಗೆ ಕೊಡುವಾಗ ಹುದ್ದೆಯನ್ನು ಪೂರ್ತಿ ಬರೆಯಿರಿ. ಸುಮ್ನೆ "ಡಿಸಿಯವರಿಗೆ" ಅಂತ ಬರೆದರೆ ನಮ್ಮೂರಲ್ಲಿ ಜಿಲ್ಲಾಧಿಕಾರಿಯೂ ಡಿಸಿ, ಬಸ್ಸಿನ ವಿಭಾಗೀಯ ನಿಯಂತ್ರಣಾಧಿಕಾರಿಯೂ ಡಿಸಿ.

ಕೆಲಸದ ಸಾಲು ಹೀಗೆ ನಿಂತಿತು: ಕಂಬ, ಪೈಪ್, ಗರಸು ತುಂಬುವುದು, ಮೋರಿ, ಕೊನೆಗೆ ಡಾಂಬರು. ದುಡ್ಡಿನ ಬಗ್ಗೆ ಹೇಳುವುದಾದರೆ, ಮಾರ್ಚ್ ಕೊನೆಗೆ ಹೋಗಿ ಕೇಳಿದರೆ ಈ ವರ್ಷದ್ದು ಮುಗಿದಿರುತ್ತದೆ, ಹೊಸದು ಬಂದಿರುವುದಿಲ್ಲ. ದೀಪಾವಳಿ ಮುಗಿದ ಕೂಡಲೇ ಅಂದಾಜು ಪಟ್ಟಿ ಮಾಡಿಸಿದರೆ ಜೂನ್ ಮಳೆಗೆ ಮೊದಲು ಮೋರಿ ಕಾಣಬಹುದು. ಬಸ್ ತಂಗುದಾಣ ಬೇಕು ಅಂತ ನಮ್ಮ ಸಂಘದಲ್ಲಿ ದೊಡ್ಡ ಒತ್ತಡ ಇತ್ತು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ಇರುತ್ತದೆ, ತಂಗುದಾಣಕ್ಕೆ ಅದರಿಂದ ಕೊಡುವುದು ಅವರಿಗೂ ಇಷ್ಟ, ಹೆಸರು ಬರೆಸಬಹುದಲ್ಲ. ನಾನು ತಡೆದೆ. ಬಸ್ಸಿಲ್ಲದ ತಂಗುದಾಣಗಳನ್ನು ಬೇಕಾದಷ್ಟು ನೋಡಿದ್ದೇವೆ.

ಡಾಂಬರು ಆದ ಮೇಲೆ ಡಿಪೋದವರು ಖಾಲಿ ಬಸ್ ಕಳಿಸಿ ನೋಡಿದರು. ಕೊನೆಯ ತೀರ್ಪು ಡ್ರೈವರದ್ದೇ. ಅವರು ತಿರುವಿನಲ್ಲಿ ಗಾಡಿ ತಿರುಗಿಸಿ ಇಳಿದು ಬಂದು, ಮೂಲೆಮನೆಯವರು ಕಟ್ಟೆಯ ಮೇಲಿಟ್ಟ ತುಳಸಿ ಕುಂಡಗಳನ್ನು ತೋರಿಸಿ, "ಅಕ್ಕಾರ, ಅವನ್ನ ಸ್ವಲ್ಪ ಒಳಗ ಇಡ್ರಿ, ಕನ್ನಡಿ ತಾಕತೈತಿ" ಅಂದರು. ಮೂಲೆಮನೆಯವರನ್ನು ಒಪ್ಪಿಸಿದ್ದು ಇಂಜಿನಿಯರುಗಳನ್ನು ಒಪ್ಪಿಸಿದ್ದಕ್ಕಿಂತ ಕಷ್ಟದ ಕೆಲಸ. ಅದರ ವಿವರ ಬೇಡ.

ಬಸ್ ಬಂತು ಅಂದರೆ ಮುಗಿಯಲಿಲ್ಲ, ಉಳಿಸಿಕೊಳ್ಳಬೇಕು. ಡಿಪೋ ನೋಡುವುದು ಕಿಲೋಮೀಟರಿಗೆ ಎಷ್ಟು ಆದಾಯ ಅಂತ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರ ಶೂನ್ಯ ಟಿಕೆಟ್ಟಿನ ದುಡ್ಡನ್ನು ಸರ್ಕಾರ ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕು, ಆ ಲೆಕ್ಕ ನಿಲ್ಲುವುದು ಟಿಕೆಟ್ಟಿನ ಮೇಲೆ. ಅದಕ್ಕೇ ಮನೆಮನೆಗೆ ಹೋಗಿ ಹೇಳಿದೆ: ಪುಕ್ಕಟೆ ಅಂತ ಟಿಕೆಟ್ ತೆಗೆದುಕೊಳ್ಳದೆ ಕೂರಬೇಡಿ, ನೀವು ಲೆಕ್ಕಕ್ಕೆ ಬರದಿದ್ದರೆ ಬಸ್ ಖಾಲಿ ಬಂತು ಅಂತ ಬರೆಯುತ್ತಾರೆ. ಆಟೋದವರು ಮುನಿಸಿಕೊಂಡಿದ್ದರು. ಬಸ್ಸಿಲ್ಲದ ಹೊತ್ತಿಗೆ ಅವರೇ ನಮಗೆ ಗತಿ, ಹಾಗಾಗಿ ಅವರ ಸ್ಟ್ಯಾಂಡನ್ನು ತಿರುವಿನಿಂದ ಸ್ವಲ್ಪ ಆಚೆಗೆ ನೆರಳಿರುವ ಕಡೆ ಮಾಡಿಕೊಳ್ಳಲು ಹೇಳಿದೆವು. ಒಪ್ಪಿದರು.

ಗದಗಿನವರಿಗೆ ಒಂದು ಮಾತು. ಗದಗ-ಬೆಟಗೇರಿ ನಗರಸಭೆ, ಪಾಲಿಕೆ ಅಲ್ಲ. ಅಲ್ಲಿ ಕಾಮಗಾರಿಯ ಎಳೆ ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದವರೆಗೂ ಹೋಗುತ್ತದೆ. ಹಾವೇರಿಯಲ್ಲೂ ಹಾಗೆಯೇ. ನನ್ನ ಹಾಳೆ ಅಲ್ಲಿಯೂ ನಡೆಯುತ್ತದೆ, ಖಾನೆಯೊಂದು ಜಾಸ್ತಿ ಬೇಕಾಗುತ್ತದೆ ಅಷ್ಟೆ. ಧಾರವಾಡದವರು ಮಾತ್ರ ಒಂದು ಎಚ್ಚರ ಇಟ್ಟುಕೊಳ್ಳಿ. ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಬಸ್ಸು ಎರಡೂ ಊರಿಗೆ ಒಂದೇ ಸಂಸ್ಥೆಯದು, ರಸ್ತೆಗೆ ಇಬ್ಬರು ಒಡೆಯರಾದರೆ ಗಡಿಯ ಬಡಾವಣೆಗಳ ಹಳೆಯ ಅನುಮತಿ, ಕಾರ್ಯಾದೇಶಗಳ ಫೈಲು ಎಲ್ಲಿ ಹೋಗುತ್ತದೋ. ಪ್ರತಿಗಳನ್ನು ಈಗಲೇ ತೆಗೆದಿಟ್ಟುಕೊಳ್ಳಿ.

ನಾವೀಗ ಭಾನುವಾರದ ಬಸ್ ಕೇಳುತ್ತಿದ್ದೇವೆ. ಭಾನುವಾರ ಜನ ಇರುವುದಿಲ್ಲ ಅಂತ ಡಿಪೋದವರು, ಕಿಮ್ಸ್‌ನಲ್ಲಿರುವ ರೋಗಿಗಳಿಗೆ ಬುತ್ತಿ ಒಯ್ಯುವವರೇ ಬೇಕಾದಷ್ಟಿದ್ದಾರೆ ಅಂತ ನಾವು. ಎಣಿಸಿ ಕೊಡಿ ಅಂದಿದ್ದಾರೆ. ಕಾಲೇಜಿನ ಹುಡುಗರನ್ನು ಕ್ರಾಸಿನಲ್ಲಿ ಕೂರಿಸಿ ಎಣಿಸುವುದು ಅಂತ ಆಗಿದೆ, ಜಾತ್ರೆ-ಹಬ್ಬ ಇಲ್ಲದ ಭಾನುವಾರ ನೋಡಿ.